ನಮ್ಮ ಭಾವನ ಸೋಲೋ

ನಮ್ಮ ಭಾವ ಆ ದಿನ ಬಾಯಲ್ಲಿ ರೀಡು ಇಟ್ಟುಕೊಂಡು ಮಾತನಾಡದೆ ಇದ್ದಿದ್ದರೆ, ಬಸ್ ಡಿಪೋ ಮ್ಯಾನೇಜರರು ಸಂಗೀತ ಶಾಲೆಯ ಮೇಲೆ ದಂಡೆತ್ತಿ ಹೋಗುತ್ತಿರಲಿಲ್ಲ, ಪಕ್ಕದ ಮನೆಯ ಕೋಚ್ ತಮ್ಮ ಹಳೆಯ ಸೀಟಿಯನ್ನು ಹುಡುಕಿ ತೆಗೆಯುತ್ತಿರಲಿಲ್ಲ, ನಮ್ಮ ಅಮ್ಮ ಜೀವಮಾನವಿಡೀ ಕಾಪಾಡಿಕೊಂಡು ಬಂದ ವ್ಯಾಕರಣವನ್ನು ತುಂಬಿದ ಸಭೆಯಲ್ಲಿ ಮುರಿಯುತ್ತಲೂ ಇರಲಿಲ್ಲ. ಆದರೆ ಬಾಯಿ ಖಾಲಿ ಮಾಡಿಕೊಂಡು ಮಾತನಾಡುವ ಅಭ್ಯಾಸ ನಮ್ಮ ಭಾವನಿಗೆ ಮೊದಲಿನಿಂದಲೂ ಇಲ್ಲ.

ರೀಡು ಎಂದರೆ ಸ್ಯಾಕ್ಸೊಫೋನಿನ ಬಾಯಿಗೆ ಕಟ್ಟುವ ತೆಳ್ಳಗಿನ ಚಕ್ಕೆ. ಅದು ಒಣಗಿದ್ದರೆ ವಾದ್ಯ ಬಾತುಕೋಳಿಯ ಹಾಗೆ ಕಿರುಚುತ್ತದೆ. ಆದ್ದರಿಂದ ಊದುವ ಮೊದಲು ಅದನ್ನು ಬಾಯಲ್ಲಿಟ್ಟು ಸ್ವಲ್ಪ ಹೊತ್ತು ನೆನೆಸಬೇಕು. ಭಾವ ಸ್ವಲ್ಪ ಹೊತ್ತಿನ ಮನುಷ್ಯರಲ್ಲ. ಅವರು ರೀಡನ್ನು ಕಾಳು ನೆನೆಹಾಕಿದ ಹಾಗೆ ನೆನೆಹಾಕುತ್ತಿದ್ದರು. ಹಾಲಿನವನ ಹತ್ತಿರ, ಇಸ್ತ್ರಿಯವನ ಹತ್ತಿರ, ಅಕ್ಕನ ಹತ್ತಿರ, ಎಲ್ಲರ ಹತ್ತಿರವೂ ಅದೇ ಚಕ್ಕೆಯ ಸಂದಿಯಿಂದ ಮಾತು.

ಭಾವನ ಕೆಲಸ ಬಸ್ ಡಿಪೋದಲ್ಲಿ. ಪ್ರಯಾಣಿಕರು ಬಸ್ಸಿನಲ್ಲಿ ಮರೆತು ಹೋದ ಸಾಮಾನುಗಳನ್ನು ಕಾಯುವ ಕೋಣೆ ಅವರದು. ಕೊಡೆ, ಟಿಫಿನ್ ಡಬ್ಬಿ, ಒಂಟಿ ಚಪ್ಪಲಿ, ಹಲ್ಲಿನ ಸೆಟ್ಟು, ಇವುಗಳ ನಡುವೆ ಒಂದು ಕುರ್ಚಿ, ಅದರ ಮೇಲೆ ಭಾವ. ಡಿಪೋದಲ್ಲಿ ಎಲ್ಲರೂ ಅವರನ್ನು ಕರೆಯುವುದೇ 'ಕಳೆದುಹೋದವರು' ಎಂದು. ಯಾರೋ ಸೀಟಿನ ಕೆಳಗೆ ಬಿಟ್ಟುಹೋದ ಸ್ಯಾಕ್ಸೊಫೋನೂ ಹೀಗೇ ಬಂದು ಆ ಕೋಣೆಯ ಮೂಲೆ ಸೇರಿತು. ಹುಡುಕಿಕೊಂಡು ಯಾರೂ ಬರಲಿಲ್ಲ. ಅವಧಿ ಮುಗಿದ ಮೇಲೆ ಹರಾಜಿಗಿಟ್ಟರೆ ಯಾರೂ ಕೂಗಲಿಲ್ಲ. ಆ ನಿಶ್ಶಬ್ದದಲ್ಲಿ ಭಾವನಿಗೆ ಕೆಮ್ಮು ಬಂತು. ಹರಾಜಿನವನು ಅದನ್ನೇ ಕೂಗು ಎಂದು ಲೆಕ್ಕ ಹಾಕಿ ಸುತ್ತಿಗೆ ಕುಟ್ಟಿದ.

ಮನೆಗೆ ತಂದದ್ದನ್ನು ಸುಮ್ಮನೆ ಇಡುವುದು ಹೇಗೆ? ಸಂಗೀತ ಶಾಲೆಗೆ ಸೇರಿಕೊಂಡರು. ಅಲ್ಲಿ ವಿದ್ಯಾರ್ಥಿಗಳದ್ದೇ ಒಂದು ಜಾಝ್ ಸ್ಯಾಕ್ಸೊಫೋನ್ ತಂಡವಿತ್ತು. ಭಾವನನ್ನು ಬಿಟ್ಟರೆ ಉಳಿದವರೆಲ್ಲ ಕಾಲೇಜಿನ ವಯಸ್ಸಿನವರು, ಭಾವನನ್ನು ಅಂಕಲ್ ಎನ್ನುವವರು. ಅವರಲ್ಲಿ ಒಬ್ಬ ಹುಡುಗಿ ಊದುತ್ತಿದ್ದ ಬ್ಯಾರಿಟೋನ್ ಎಂಬ ದಪ್ಪ ಸ್ವರದ ಸ್ಯಾಕ್ಸೊಫೋನು ಅವಳಿಗಿಂತ ಒಂದು ಗೇಣು ದೊಡ್ಡದು. ದೂರದಿಂದ ನೋಡಿದರೆ ವಾದ್ಯವೇ ಹುಡುಗಿಯನ್ನು ಕರೆದುಕೊಂಡು ಬಂದ ಹಾಗೆ ಕಾಣುತ್ತಿತ್ತು.

ತಂಡದಲ್ಲಿ ಭಾವ ಊದುತ್ತಿದ್ದುದು ಕೆಟ್ಟದಾಗಿ ಅಲ್ಲ. ಅವರಿಗೆ ಇದ್ದದ್ದು ಬೇರೆ ರೋಗ. ಹತ್ತು ಜನರ ಸದ್ದಿನಲ್ಲಿ ತಮ್ಮದೂ ಸೇರಿ ಹೋಗುತ್ತಿದ್ದರೆ ಸಲೀಸಾಗಿ ಊದುವರು. ತಮ್ಮ ಸದ್ದು ತಮಗೇ ಬೇರೆಯಾಗಿ ಕೇಳಿಸಿತೋ, ಎಲ್ಲೋ ತಪ್ಪಿದ್ದೇನೆ ಎಂದು ತಟ್ಟನೆ ವಾದ್ಯ ಇಳಿಸಿ ಸುತ್ತಮುತ್ತ ಎಲ್ಲರಿಗೂ 'ಸಾರಿ' ಎನ್ನುವರು. ಬಸ್ಸು ಹತ್ತಿದರೂ, ಅಂಗಡಿಗೆ ಹೋದರೂ, ನಮ್ಮ ಮನೆಯ ಊಟದ ಮೇಜಿನಲ್ಲಿ ಕೂತರೂ ಅವರದು ಅದೇ ಸ್ವಭಾವ.

ಊಟದ ಮೇಜಿನ ವಿಷಯದಲ್ಲಿ ತಪ್ಪು ಪೂರ್ತಿ ಭಾವನದ್ದಲ್ಲ. ನಮ್ಮ ಅಮ್ಮ ನಿವೃತ್ತ ಕನ್ನಡ ಪಂಡಿತೆ, ಮೂರು ತಲೆಮಾರಿನ ಮಕ್ಕಳಿಗೆ ವ್ಯಾಕರಣ ತಿದ್ದಿದವಳು. ಮರೆತ ಸಾಮಾನು ಕಾಯುವವರನ್ನು ಅಕ್ಕ ಮೆಚ್ಚಿ ಮದುವೆಯಾದಾಗ ಅಮ್ಮ ಜಗಳ ಮಾಡಲಿಲ್ಲ, ಬಹುವಚನ ಹಿಡಿದಳು. ಅಂದಿನಿಂದ 'ಅಳಿಯಂದ್ರು ಬಂದ್ರಾ', 'ಅಳಿಯಂದ್ರು ಊಟಕ್ಕೆ ಕೂತ್ಕೊಳ್ಳಿ'. ಬೈಯುವುದೂ ಬಹುವಚನದಲ್ಲೇ. ಗಾದೆ ಹೇಳಬೇಕಾಗಿ ಬಂದರೂ ಭಾವನ ಎದುರಿಗೆ 'ಮಾಡಿದ್ದುಣ್ಣಿ ಮಹರಾಯರೇ' ಎನ್ನುವಳು. ಕೆಳಗಿನ ಮನೆಯಲ್ಲಿ ಅಮ್ಮ ಮತ್ತು ನಾನು, ಮಹಡಿಯ ಮೇಲೆ ಅಕ್ಕ ಮತ್ತು ಭಾವ. ಇಷ್ಟು ವರ್ಷ ಒಂದೇ ಮೆಟ್ಟಿಲು ಹತ್ತಿ ಇಳಿದರೂ ಭಾವ ಆ ಮನೆಗೆ ಬಂದುಹೋಗುವ ನೆಂಟರಾಗಿಯೇ ಉಳಿದಿದ್ದರು. ಒಮ್ಮೆ ಅಮ್ಮ ನನಗೆ ಒದ್ದೆ ಟವೆಲ್ಲಿನ ಸಲುವಾಗಿ ಕತ್ತೆ, ಕೋತಿ ಎಂದು ಪ್ರಾಣಿಸಂಗ್ರಹಾಲಯವನ್ನೇ ತೆರೆದಿಟ್ಟಾಗ ಭಾವ ಬಾಗಿಲಲ್ಲಿ ನಿಂತು ಕೇಳಿಸಿಕೊಂಡು, "ನೀನು ಅದೃಷ್ಟವಂತ ಕಣೋ" ಅಂದರು. ನಾನು ಅದನ್ನು ತಮಾಷೆ ಎಂದುಕೊಂಡೆ.

ಇಂಥ ಭಾವನಿಗೆ ಜಾಝ್ ಮೇಷ್ಟ್ರು ಮದ್ದು ಕಂಡುಹಿಡಿದರು. ಶಾಲೆಯ ವಾರ್ಷಿಕ ಸಂಗೀತ ಕಚೇರಿಯಲ್ಲಿ, ತಂಡ ನುಡಿಸುವ ತುಣುಕಿನ ಮಧ್ಯೆ, ಉಳಿದವರೆಲ್ಲ ವಾದ್ಯ ಇಳಿಸಿಬಿಡುವುದು, ಭಾವ ಒಬ್ಬರೇ ಊದುವುದು. ಎಲ್ಲರ ಎದುರಿಗೆ ಬೆರಳು ಮಾಡಿ, "ನೀವು, ಸೋಲೋ" ಎಂದರಂತೆ. ಹುಡುಗ ಹುಡುಗಿಯರೆಲ್ಲ ಚಪ್ಪಾಳೆ ಹೊಡೆದರಂತೆ. ಭಾವ ಹಿಂದೆ ಯಾರಾದರೂ ನಿಂತಿದ್ದಾರೆಯೇ ಎಂದು ತಿರುಗಿ ನೋಡಿದರಂತೆ.

ಸಂಜೆ ಗೇಟು ತೆಗೆದವರು ನೇರ ಅಮ್ಮನ ಮುಂದೆ ಹೋಗಿ ನಿಂತರು. ಬಾಯಲ್ಲಿ ರೀಡು ಇತ್ತು.

"ನಂಗೆ ಸೋಲೋ," ಅಂದರು.

ಅಮ್ಮ ಕನ್ನಡಕ ತೆಗೆದಳು. ಜೀವನದಲ್ಲಿ ಅವಳು ಕೇಳಿದ ಪದಗಳಲ್ಲಿ ಇದಕ್ಕೆ ಹತ್ತಿರದ್ದು ಒಂದೇ. "ಯಾರು ಹೇಳಿದ್ದು?" ಎಂದು ಮೆತ್ತಗೆ ಕೇಳಿದಳು.

"ಮೇಷ್ಟ್ರೇ. ಎಲ್ಲರ ಮುಂದೆ. ನೀವು ಸೋಲೋ, ಅಂದ್ರು."

ಅಮ್ಮನಿಗೆ ಸಂಕಟವಾದದ್ದು ಎರಡು ಕಾರಣಕ್ಕೆ. ಇಷ್ಟು ವಯಸ್ಸಾದ ಮನುಷ್ಯನಿಗೆ ಮಕ್ಕಳ ಮುಂದೆ ಸೋಲುತ್ತೀರಿ ಎಂದದ್ದು ಒಂದು. ಇನ್ನೊಂದು ಇನ್ನೂ ದೊಡ್ಡದು. ಭಾವ ಮಹಡಿ ಹತ್ತಿದ ಮೇಲೆ ನನ್ನನ್ನು ಕೂರಿಸಿಕೊಂಡು, ನೀವು ಎಂದ ಮೇಲೆ ಸೋಲಿ ಎನ್ನಬೇಕು, ಸೋಲೋ ಎನ್ನುವುದಾದರೆ ನೀನು ಎನ್ನಬೇಕು, ಕರ್ತೃವಿಗೆ ಒಂದು ಮರ್ಯಾದೆ ಕ್ರಿಯಾಪದಕ್ಕೆ ಒಂದು ಮರ್ಯಾದೆ, ಇವನೆಂಥ ಮೇಷ್ಟ್ರು ಎಂದು ಅರ್ಧ ಗಂಟೆ ನೊಂದುಕೊಂಡಳು. ನಾನು ಕನ್ನಡಕದ ಅಂಗಡಿ ಇಟ್ಟವನು. ಕಣ್ಣಿನ ದೋಷ ನನಗೆ ತಿಳಿಯುತ್ತದೆ, ಕಿವಿಯದ್ದು ನನ್ನ ವ್ಯಾಪಾರವಲ್ಲ. ನಾನೂ ತಲೆಯಾಡಿಸಿದೆ. ಅಕ್ಕನಿಗೆ ಮಾತ್ರ ವಿಷಯ ಸರಿಯಾಗಿ ತಿಳಿದಿತ್ತು. ಸರಿಯಾಗಿ ತಿಳಿದವರನ್ನು ಯಾರೂ ಕೇಳುವುದಿಲ್ಲವಾದ್ದರಿಂದ ಅದರಿಂದ ಏನೂ ಪ್ರಯೋಜನವಾಗಲಿಲ್ಲ.

ಮರುದಿನ ಅಮ್ಮ ಬಟ್ಟೆ ಒಣಹಾಕುತ್ತಾ ಕಾಂಪೌಂಡಿನ ಆಚೆಯ ಕೋಚ್‌ಗೆ ದುಃಖ ಹೇಳಿಕೊಂಡಳು. ಕೋಚ್ ಎಂದರೆ ಮೂವತ್ತು ವರ್ಷ ಕಬಡ್ಡಿ ಕಲಿಸಿ ನಿವೃತ್ತರಾದವರು. ಅವರ ದೃಷ್ಟಿಯಲ್ಲಿ ಪ್ರಪಂಚದಲ್ಲಿ ನಡೆಯುವುದೆಲ್ಲ ಪಂದ್ಯ, ಮದುವೆ ಕೂಡ. ಇನ್ನೂ ಕಚೇರಿಯೇ ಆಗಿಲ್ಲ, ಸೋಲು ಮಾತ್ರ ಆಗಲೇ ಯಾರದೆಂದು ನಿಶ್ಚಯವಾಗಿದೆ ಎಂಬುದನ್ನು ಕೇಳಿ ಅವರ ಕೈಯಲ್ಲಿದ್ದ ಗಿಡಕ್ಕೆ ನೀರು ಹಾಕುವ ಪೈಪು ಚಪ್ಪಲಿಗೆ ನೀರು ಹಾಕತೊಡಗಿತು. ಅದೇ ಕಾಲಲ್ಲಿ ನಮ್ಮ ಮನೆಗೆ ಬಂದು ಡಿಪೋಗೆ ಹೊರಟಿದ್ದ ಭಾವನನ್ನು ಮೆಟ್ಟಿಲಲ್ಲೇ ಹಿಡಿದರು.

"ಸೋಲು ನಿಮ್ದೇ ಅಂತ ಗ್ಯಾರಂಟಿನಾ?"

"ಗ್ಯಾರಂಟಿ," ಅಂದರು ಭಾವ ರೀಡಿನ ಸಂದಿಯಿಂದ. "ಮೇಷ್ಟ್ರು ಪ್ರಾಕ್ಟೀಸೂ ಮಾಡಿಸ್ತಿದಾರೆ."

"ಸೋಲೋದಕ್ಕೆ ಪ್ರಾಕ್ಟೀಸು?"

"ದಿನಾ. ಸುಲಭ ಅಲ್ಲ ಸಾರ್."

"ಉಳಿದವ್ರು ಒಪ್ಕೊಂಡ್ರಾ?"

"ಚಪ್ಪಾಳೆ ಹೊಡೆದ್ರು."

"ನಿಮಗೆ ಏನೂ ಅನ್ನಿಸ್ತಿಲ್ವಾ?"

ಭಾವನ ಕಣ್ಣು ಒದ್ದೆಯಾಯಿತು. "ಇಷ್ಟು ವರ್ಷದಲ್ಲಿ ನನ್ನ ಯಾರೂ ಇದಕ್ಕೆ ಕರೆದಿರ್ಲಿಲ್ಲ ಸಾರ್. ನೀವೂ ಬನ್ನಿ ನೋಡೋಕೆ."

ಕೋಚ್ ಅವರ ಹೆಗಲು ತಟ್ಟಿ ಕಳಿಸಿದರು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವವರನ್ನು ಬೇಕಾದಷ್ಟು ಕಂಡಿದ್ದೇನೆ, ಬೀಳುವ ಮೊದಲೇ ಮೀಸೆ ಒರೆಸಿಕೊಂಡು ನಗುವವರನ್ನು ಇದೇ ಮೊದಲು ಕಂಡದ್ದು ಎಂದು ಅಮ್ಮನ ಹತ್ತಿರ ಹೇಳಿದರು. ಆಮೇಲೆ ಸ್ವರ ತಗ್ಗಿಸಿ, ಇದು ಫಿಕ್ಸಿಂಗ್ ಎಂದರು. ಆ ಪದ ಅಮ್ಮನಿಗೆ ತಿಳಿಯದಿದ್ದರೂ ಅವರ ಹುಬ್ಬು ನೋಡಿ ಕೆಟ್ಟದ್ದೆಂದು ತಿಳಿಯಿತು.

ಕೋಚ್ ನೇರ ಡಿಪೋ ಮ್ಯಾನೇಜರರ ಬಳಿಗೆ ಹೋದರು. ಮ್ಯಾನೇಜರರು ಡಿಪೋದ ಹಗ್ಗಜಗ್ಗಾಟದ ತಂಡಕ್ಕೂ ನಾಯಕರು. ಅವರ ಮೇಜಿನ ಮೇಲೆ ಫೈಲುಗಳಿಗಿಂತ ಗೆದ್ದ ಕಪ್ಪುಗಳು ಹೆಚ್ಚು. ಅಷ್ಟು ವರ್ಷ 'ಕಳೆದುಹೋದವರ' ಕಡೆ ಒಮ್ಮೆಯೂ ತಿರುಗಿ ನೋಡದಿದ್ದ ಆ ಮನುಷ್ಯ ಈಗ ಏಕಾಏಕಿ ಎದ್ದು ನಿಂತು, ನಮ್ಮ ಡಿಪೋದ ಒಬ್ಬನೇ ಒಬ್ಬ ನೌಕರನೂ ಬೇರೆಯವರು ಹೇಳಿದ್ದಕ್ಕೆ ಸೋಲಬೇಕಾಗಿಲ್ಲ, ಸೋತರೆ ನಾವಾಗಿ ಸೋಲುತ್ತೇವೆ ಎಂದು ಗುಡುಗಿದರು. ಅಮ್ಮ ನನ್ನನ್ನೂ ಜೊತೆಗೆ ಅಟ್ಟಿದಳು. ಮನೆ ಕಡೆಯಿಂದ ಒಬ್ಬರು ಇರಲಿ ಎಂದು.

ಸಂಗೀತ ಶಾಲೆಯ ಪ್ರಿನ್ಸಿಪಾಲರು ಸಂಗೀತದವರಲ್ಲ, ಆಡಳಿತದವರು. ಶಾಲೆಯಲ್ಲಿ ಎಲ್ಲಿ ಯಾವ ವಾದ್ಯ ಅಪಸ್ವರ ನುಡಿಸಿದರೂ ಅವರಿಗೆ ಚಿಂತೆಯಿಲ್ಲ, ದೂರು ಬರಬಾರದು. ಅಂಥವರ ಕೋಣೆಗೆ ಒಂದು ಕೈಯಲ್ಲಿ ಸೀಟಿ ಹಿಡಿದ ಕೋಚ್, ಹಗ್ಗ ಎಳೆದೆಳೆದು ಕುತ್ತಿಗೆಯೇ ಇಲ್ಲದಂತಾದ ಮ್ಯಾನೇಜರರು, ಹಿಂದೆ ನಾನು. ಜಾಝ್ ಮೇಷ್ಟ್ರಿಗೆ ಕರೆ ಹೋಯಿತು.

"ನಮ್ಮವ್ರಿಗೆ ಸೋಲು ಅಂತ ಮೊದ್ಲೇ ತೀರ್ಮಾನ ಮಾಡಿರೋದು ನಿಜಾನಾ?" ಎಂದರು ಮ್ಯಾನೇಜರರು.

"ನಿಜ," ಎಂದರು ಮೇಷ್ಟ್ರು ಸಂತೋಷದಿಂದ. "ಅವರ ಸ್ವಭಾವ ನೋಡಿ ನಾನೇ ಆರಿಸಿದ್ದು. ಅವರಿಗೆ ಅದು ಬೇಕಿತ್ತು."

"ಎದುರಿಗೇ ಹೇಳ್ತೀರಲ್ರೀ. ನಮ್ಮ ಡಿಪೋದಲ್ಲಿ ಯಾರಿಗೂ ಅದು ಬೇಡ."

"ನಿಮಗೂ ಆಸೆ ಇದ್ರೆ ಸೋಮವಾರದಿಂದ ಕ್ಲಾಸಿಗೆ ಬನ್ನಿ. ಒಂದು ವರ್ಷದಲ್ಲಿ ನಿಮ್ಗೂ ಕೊಡ್ತೀನಿ."

ಮ್ಯಾನೇಜರರು ತೋಳು ಮಡಿಸತೊಡಗಿದರು. ಕೋಚ್ ಸೀಟಿ ಊದಿದರು. ಪ್ರಿನ್ಸಿಪಾಲರಿಗೆ ಯಾವುದೂ ಅರ್ಥವಾಗದಿದ್ದರೂ, ತಂಡದಲ್ಲಿ ಒಬ್ಬರಿಗೆ ಸೋಲೋ ಕೊಟ್ಟದ್ದರಿಂದ ಗಲಾಟೆ ಎಂಬಷ್ಟು ಅರ್ಥವಾಯಿತು. ಆಡಳಿತದಲ್ಲಿ ಇದಕ್ಕೆ ಪರಿಹಾರ ಒಂದೇ, ಯಾರಿಗೂ ಕೊಡದಿರುವುದು. "ಈ ವರ್ಷ ಸೋಲೋ ಇಲ್ಲ," ಎಂದು ಮೇಜು ಕುಟ್ಟಿದರು. "ಮೊದಲಿಂದ ಕೊನೇವರೆಗೆ ಎಲ್ಲರೂ ಒಟ್ಟಿಗೆ. ಮಧ್ಯದಲ್ಲಿ ಒಬ್ಬರಾದರೂ ವಾದ್ಯ ಕೆಳಗಿಳಿಸಿದ್ದು ಕಂಡರೆ ತಂಡವನ್ನೇ ಮುಚ್ಚಿಸ್ತೀನಿ." ಮೇಷ್ಟ್ರು ಏನೋ ಹೇಳಹೊರಟರೆ ಬಾಗಿಲು ತೋರಿಸಿದರು. ನಾವು ಗೆದ್ದು ಹೊರಬಂದೆವು.

ಸಿಹಿ ತಿಂಡಿಯ ಪೊಟ್ಟಣ ಹಿಡಿದು ಮೂವರೂ ಮನೆಗೆ ಬಂದಾಗ ಭಾವ ಅಂಗಳದಲ್ಲಿ ವಾದ್ಯ ಒರೆಸುತ್ತಿದ್ದರು. ಅಕ್ಕ ಪಕ್ಕದಲ್ಲಿ ಕೂತಿದ್ದಳು. ಕೋಚ್ ದೂರದಿಂದಲೇ, "ನಿಮ್ಮ ಸೋಲು ತಪ್ಪಿಸಿಬಿಟ್ವಿ. ಪ್ರಿನ್ಸಿಪಾಲ್ರೇ ಹೇಳಿದ್ರು, ಸೋಲೋ ಇಲ್ಲ, ಎಲ್ರೂ ಒಟ್ಟಿಗೆ," ಎಂದರು.

ಭಾವನ ಕೈ ವಾದ್ಯದ ಮೇಲೆ ನಿಂತಿತು. ಆಮೇಲೆ, ನಾನು ಕಂಡಂತೆ ಮೊದಲ ಬಾರಿಗೆ, ಬಾಯಿಂದ ರೀಡು ತೆಗೆದು ಅಂಗೈಯಲ್ಲಿಟ್ಟುಕೊಂಡರು. ಒಬ್ಬೊಬ್ಬರ ಮುಖವನ್ನೂ ನೋಡಿದರು. "ನನಗೋಸ್ಕರ ಅಲ್ಲೀವರೆಗೆ ಹೋಗಿದ್ರಾ?" ಎಂದು ಕೇಳಿದರು. ಮ್ಯಾನೇಜರರು ಹೌದೆಂದರು. "ಥ್ಯಾಂಕ್ಸ್ ಸಾರ್," ಎಂದು ಹೇಳಿ ಸಿಹಿ ತೆಗೆದುಕೊಂಡು, ವಾದ್ಯವನ್ನು ಪೆಟ್ಟಿಗೆಯಲ್ಲಿಟ್ಟು, ಮೆಟ್ಟಿಲು ಹತ್ತಿ ಹೋದರು. ಅಳುವುದಾದರೂ ಇನ್ನೊಬ್ಬರಿಗೆ ತೊಂದರೆಯಾಗದ ಜಾಗ ನೋಡಿ ಅಳುವ ಮನುಷ್ಯ ಅವರು.

ಅಕ್ಕ ಸುಮ್ಮನಿರಲಿಲ್ಲ. ಸೋಲೋ ಎಂದರೇನು, ಭಾವ ಎಷ್ಟು ದಿನದಿಂದ ಮಹಡಿಯ ಬಾಗಿಲು ಹಾಕಿಕೊಂಡು ಅದಕ್ಕಾಗಿ ಊದುತ್ತಿದ್ದಾರೆ ಎಂಬುದನ್ನೆಲ್ಲ ಸ್ವರ ಏರಿಸದೆ ಹೇಳಿದಳು. ಸ್ವರ ಏರಿಸಿದ್ದರೆ ನಮಗೆ ಸ್ವಲ್ಪ ಸಮಾಧಾನವಾಗುತ್ತಿತ್ತು. ಕೋಚ್ ಸೀಟಿಯನ್ನು ಜೇಬಿಗೆ ಹಾಕಿ, ಕಬಡ್ಡಿಯಲ್ಲಿ ಈ ಪದವೇ ಇಲ್ಲವಮ್ಮ ಎಂದರು. ಮ್ಯಾನೇಜರರು ಕುತ್ತಿಗೆ ಇಲ್ಲದಿದ್ದರೂ ತಲೆ ತಗ್ಗಿಸಿದರು. ಅಮ್ಮ ಮಾತ್ರ ಒಂದೇ ಪ್ರಶ್ನೆ ಕೇಳಿದಳು.

"ಅಂದ್ರೆ ಉಳಿದವರೆಲ್ಲ ಸುಮ್ಮನಿರೋದು, ಇವರೊಬ್ಬರೇ ಊದೋದು?"

"ಹೂಂ ಅಮ್ಮ. ಒಬ್ರೇ."

"ಏಕವಚನ," ಎಂದಳು ಅಮ್ಮ, ತನಗೆ ತಾನೇ. ಆ ರಾತ್ರಿ ಅವಳು ಊಟ ಸರಿಯಾಗಿ ಮಾಡಲಿಲ್ಲ.

ಮರುದಿನವೇ ಕೋಚ್ ಮತ್ತು ಮ್ಯಾನೇಜರರು ಪ್ರಿನ್ಸಿಪಾಲರ ಬಳಿ ಮತ್ತೆ ಹೋಗಿ, ಅದನ್ನು ವಾಪಸ್ಸು ಕೊಡಿ ಎಂದರು. ಇವರಿಬ್ಬರನ್ನು ಮತ್ತೆ ಕಂಡದ್ದೇ ಪ್ರಿನ್ಸಿಪಾಲರು ಇನ್ನಷ್ಟು ಬಿಗಿಯಾದರು. ಒಮ್ಮೆ ಹೇಳಿದ್ದನ್ನು ಬದಲಿಸಿದರೆ ಆಡಳಿತ ಉಳಿಯುವುದಿಲ್ಲ ಎಂದರು. ಅದೇ ಸಂಜೆ ಅಮ್ಮ ಕೊಡೆ ಹಿಡಿದುಕೊಂಡು ಲೈಬ್ರರಿಗೆ ಹೋಗಿ ಬರುತ್ತೇನೆ ಎಂದು ಹೊರಟಳು. ಬರುವಾಗ ಕೈಯಲ್ಲಿ ಪುಸ್ತಕವಿರಲಿಲ್ಲ.

ಭಾವ ತಂಡ ಬಿಡಲಿಲ್ಲ. ಅವರು ಯಾವುದನ್ನೂ ಅಷ್ಟು ಜೋರಾಗಿ ಬಿಡುವವರಲ್ಲ. ಎಲ್ಲರೂ ಒಟ್ಟಿಗೆ ಊದುವುದೇ ನನಗೆ ವಾಸಿ, ತಪ್ಪಿದರೂ ಗೊತ್ತಾಗುವುದಿಲ್ಲ ಎಂದು ನಮಗೇ ಸಮಾಧಾನ ಹೇಳಿದರು. ನಾವು ಅದನ್ನು ನಂಬಿದ ಹಾಗೆ ಮಾಡಿದೆವು.

ಕಚೇರಿಯ ದಿನ ಸಭಾಂಗಣದ ಅರ್ಧ ಭಾಗ ಡಿಪೋದವರು. ಪ್ರಾಯಶ್ಚಿತ್ತಕ್ಕಾಗಿ ಮ್ಯಾನೇಜರರು ಹಗ್ಗಜಗ್ಗಾಟದ ತಂಡವನ್ನೇ ಕರೆತಂದು ಎರಡು ಸಾಲು ತುಂಬಿಸಿದ್ದರು. ಅವರ ಹಿಂದೆ ಕೂತವರಿಗೆ ವೇದಿಕೆ ಕಾಣುತ್ತಿರಲಿಲ್ಲ. ಮೊದಲ ಸಾಲಿನ ನಡುವೆ ಪ್ರಿನ್ಸಿಪಾಲರು, ಯಾರು ವಾದ್ಯ ಇಳಿಸುತ್ತಾರೆ ನೋಡೋಣ ಎಂದು ಕುರ್ಚಿಯ ತುದಿಯಲ್ಲಿ ಕೂತಿದ್ದರು. ನಾವು ಹಗ್ಗಜಗ್ಗಾಟದವರ ಮುಂದೆ, ಮೂರನೆಯ ಸಾಲಿನಲ್ಲಿ. ಅಮ್ಮ ಕೊಡೆಯನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು.

ತಂಡ ಬಂದು ಅರ್ಧಚಂದ್ರಾಕಾರವಾಗಿ ನಿಂತಿತು. ತುದಿಯಲ್ಲಿ ಇಸ್ತ್ರಿ ಮಾಡಿದ ಅಂಗಿಯಲ್ಲಿ ಭಾವ. ಮೇಷ್ಟ್ರು ಚಿಟಿಕೆ ಹೊಡೆದರು. ಹಿತ್ತಾಳೆಯ ಆ ಸದ್ದು ಒಮ್ಮೆಗೇ ಎದ್ದು ಬಂದಾಗ ಜಾಝ್ ಗೊತ್ತಿಲ್ಲದ ನನ್ನ ಕಾಲೂ ಕುಣಿಯಿತು. ಹಗ್ಗಜಗ್ಗಾಟದವರೂ ಅಭ್ಯಾಸಬಲದಿಂದ ಹಿಂದಕ್ಕೆ ಮುಂದಕ್ಕೆ ತೂಗತೊಡಗಿದರು. ಅವರ ಸಾಲಿನ ಕುರ್ಚಿಗಳು ಕಿರುಗುಟ್ಟಿದವು.

ನಡುವೆ ಎಲ್ಲಿಯೋ ಸದ್ದು ಸಣ್ಣದಾಯಿತು. ಎಷ್ಟು ಸಣ್ಣದೆಂದರೆ ಕೊನೆಗೆ ಒಂದೇ ವಾದ್ಯ ಕೇಳಿಸುತ್ತಿತ್ತು. ನಾನು ಕಣ್ಣು ಹಾಯಿಸಿದೆ. ಯಾರೂ ವಾದ್ಯ ಇಳಿಸಿರಲಿಲ್ಲ. ಎಲ್ಲರ ಕೆನ್ನೆ ಪೂರಿಯ ಹಾಗೆ ಉಬ್ಬಿತ್ತು, ಬೆರಳುಗಳು ಗುಂಡಿಗಳ ಮೇಲೆ ಓಡುತ್ತಿದ್ದವು, ಬ್ಯಾರಿಟೋನ್ ಹುಡುಗಿಯ ಮುಖ ಕೆಂಪಾಗಿತ್ತು. ಆದರೆ ಯಾವ ವಾದ್ಯದಿಂದಲೂ ಉಸಿರು ಹೊರಗೆ ಬರುತ್ತಿರಲಿಲ್ಲ. ಊದುತ್ತಿದ್ದವರು ಭಾವ ಒಬ್ಬರೇ. ಪ್ರಿನ್ಸಿಪಾಲರು ಎಡದಿಂದ ಬಲಕ್ಕೆ ಕೆನ್ನೆಗಳನ್ನು ಒಂದೊಂದಾಗಿ ಪರೀಕ್ಷಿಸಿ, ಎಲ್ಲ ಸರಿಯಿದೆ ಎಂದು ತೃಪ್ತಿಯಿಂದ ಹಿಂದಕ್ಕೆ ಒರಗಿದರು.

ತೊಂದರೆ ಏನೆಂದರೆ ಭಾವನಿಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೆ ಅವರು ಬೇಡ ಎನ್ನುತ್ತಿದ್ದರು. ಸ್ವಲ್ಪ ಹೊತ್ತು ಚೆನ್ನಾಗಿಯೇ ಊದಿದರು. ಆಮೇಲೆ ತಮ್ಮ ಸದ್ದು ತಮಗೆ ಕೇಳಿಸಿತು. ಅವರ ಹುಬ್ಬು ಮೇಲೇರಿದ್ದನ್ನು ನಾನು ಕಂಡೆ, ಅಕ್ಕ ನನ್ನ ಮುಂಗೈ ಹಿಡಿದಳು. ಭಾವ ವಾದ್ಯ ಬಾಯಿಂದ ತೆಗೆದರು. ತಿರುಗಿ ಹುಡುಗರಿಗೆ 'ಸಾರಿ' ಎಂದರು.

ಸಭಾಂಗಣದಲ್ಲಿ ಫ್ಯಾನಿನ ಸದ್ದು ಮಾತ್ರ ಉಳಿಯಿತು. ವೇದಿಕೆಯ ಮೇಲೆ ಹುಡುಗರು ಕೆನ್ನೆ ಉಬ್ಬಿಸಿಕೊಂಡು, ಬೆರಳಾಡಿಸುತ್ತಾ, ಏನೂ ಕೇಳಿಸದಂತೆ ಜೀವ ಒತ್ತೆಯಿಟ್ಟು ನುಡಿಸುತ್ತಲೇ ಇದ್ದರು. ಪ್ರಿನ್ಸಿಪಾಲರು ತುದಿಯ ಭಾವನ ಕಡೆ ನೋಡದೆ, ಉಬ್ಬಿದ ಕೆನ್ನೆಗಳನ್ನೇ ದಿಟ್ಟಿಸುತ್ತಾ ಒಂದು ಕಿವಿಗೆ ಕಿರುಬೆರಳು ಹಾಕಿ ಅಲ್ಲಾಡಿಸಿಕೊಂಡರು, ಆಮೇಲೆ ಇನ್ನೊಂದು ಕಿವಿಗೆ.

ಆಗ ನನ್ನ ಪಕ್ಕದಲ್ಲಿ ಕೊಡೆ ಕೆಳಗೆ ಬಿತ್ತು. ಅಮ್ಮ ಎದ್ದು ನಿಂತಿದ್ದಳು.

"ಯಾಕೋ ನಿಲ್ಲಿಸ್ದೆ? ಊದೋ!"

ಮೂರು ತಲೆಮಾರಿನ ಮಕ್ಕಳನ್ನು ಹಿಂದಿನ ಬೆಂಚಿನಿಂದ ಎಬ್ಬಿಸಿದ ಗಂಟಲು ಅದು. ಇಡೀ ಸಭಾಂಗಣ ತಿರುಗಿತು. ಭಾವ ಅಮ್ಮನ ಕಡೆ ನೋಡಿದರು. ಅಭ್ಯಾಸದಂತೆ ಹಿಂದೆ ತಿರುಗಿ, ಆ ಮಾತು ಬೇರೆ ಯಾರಿಗಾದರೂ ಇರಬಹುದೇ ಎಂದೂ ನೋಡಿದರು. ಹಿಂದೆ ಪರದೆ ಬಿಟ್ಟರೆ ಯಾರೂ ಇರಲಿಲ್ಲ.

"ನಿಂಗೇ ಕಣೋ ಹೇಳ್ತಿರೋದು. ನಿನ್ನದೇ ಅದು. ಊದು," ಎಂದಳು ಅಮ್ಮ.

ಭಾವ ವಾದ್ಯ ಬಾಯಿಗಿಟ್ಟರು. ಮೊದಲು ಬಂದದ್ದು ಬಾತುಕೋಳಿ. ಆಮೇಲೆ ಬಂದದ್ದನ್ನು ಏನೆಂದು ಹೇಳಲು ನನಗೆ ಬರುವುದಿಲ್ಲ. ನಾನು ಕನ್ನಡಕದವನು. ಅದರಲ್ಲಿ ಎರಡು ಮೂರು ಕಡೆ ಖಂಡಿತ ತಪ್ಪಿತ್ತು, ಮೇಷ್ಟ್ರೇ ಆಮೇಲೆ ಹೇಳಿದರು. ಆದರೆ ತಪ್ಪಿದಲ್ಲಿ ಅವರು ನಿಲ್ಲಲಿಲ್ಲ, ಯಾರಿಗೂ 'ಸಾರಿ' ಎನ್ನಲಿಲ್ಲ. ಮೆಟ್ಟಿಲಲ್ಲಿ ಬೇರೆಯವರಿಗೆ ದಾರಿ ಬಿಟ್ಟು ಬಿಟ್ಟು ಸವೆದ ಮನುಷ್ಯ ಆ ಹೊತ್ತು ನಡುರಸ್ತೆಯಲ್ಲಿ ಕೈಬೀಸಿಕೊಂಡು ನಡೆದರು. ಅಕ್ಕ ಬಹಿರಂಗವಾಗಿ ಅಳುತ್ತಿದ್ದಳು. ಕೋಚ್ ಸೀಟಿ ಊದಿದರು, ಅದು ಸ್ವರಕ್ಕೆ ಸೇರಿಕೊಂಡಿತು ಎಂದು ಇವತ್ತಿಗೂ ಹೇಳಿಕೊಳ್ಳುತ್ತಾರೆ. ಕೊನೆಗೆ ಹುಡುಗರೆಲ್ಲ ಉಬ್ಬಿಸಿಟ್ಟ ಉಸಿರನ್ನು ಒಟ್ಟಿಗೇ ಬಿಟ್ಟಾಗ ಛಾವಣಿ ಹಾರಿಹೋಗದಿದ್ದದ್ದು ಕಟ್ಟಿದ ಗಾರೆಯವನ ಪುಣ್ಯ.

ಪ್ರಿನ್ಸಿಪಾಲರು ವೇದಿಕೆ ಹತ್ತಿ, ಎಲ್ಲರೂ ಒಟ್ಟಿಗೆ ನುಡಿಸಿದರೆ ಎಷ್ಟು ಚೆನ್ನ ಎಂಬುದಕ್ಕೆ ಇದೇ ಸಾಕ್ಷಿ ಎಂದು ಭಾಷಣ ಮಾಡಿದರು. ಮಧ್ಯೆ ತಮಗೆ ಕಿವಿ ಕಟ್ಟಿದ್ದನ್ನು ಯಾರಿಗೂ ಹೇಳಲಿಲ್ಲ.

ಹೊರಗೆ ಬ್ಯಾರಿಟೋನ್ ಹುಡುಗಿ ತನ್ನ ವಾದ್ಯದ ಹಿಂದಿನಿಂದ ಇಣುಕಿ ಅಮ್ಮನಿಗೆ ಕೈಬೀಸಿದಳು. ಕೊಡೆ ಹಿಡಿದ ಈ ಅಜ್ಜಿಯೇ ಶಾಲೆಯ ಕಾರಿಡಾರಿನಲ್ಲಿ ತಮ್ಮನ್ನೆಲ್ಲ ನಿಲ್ಲಿಸಿ ಪಾಠ ಹೇಳಿದ್ದು ಎಂದಳು. ಪ್ರಿನ್ಸಿಪಾಲರು ವಾದ್ಯ ಇಳಿಸಕೂಡದು ಎಂದಿದ್ದಾರೆ, ಊದಲೇಬೇಕು ಎಂದಿದ್ದಾರೆಯೇ, ಎರಡೂ ಬೇರೆ ಬೇರೆ ಕ್ರಿಯಾಪದ, ಎಂದು ಕೇಳಿದ್ದಳಂತೆ. ಅಮ್ಮ ಅದು ಕೇಳಿಸದವಳಂತೆ ಕೊಡೆಯ ಧೂಳು ಒರೆಸಿದಳು.

ದಾರಿಯಲ್ಲಿ ಭಾವ ಪೆಟ್ಟಿಗೆ ಹೊತ್ತು ಅಮ್ಮನಿಗಿಂತ ಎರಡು ಹೆಜ್ಜೆ ಹಿಂದೆ ಬರುತ್ತಿದ್ದರು. ಅವರ ಮುಖ ನೋಡಿದರೆ, ಸಭೆಯಲ್ಲಿ ಸಿಕ್ಕಿದ್ದು ಮನೆ ಬಾಗಿಲಲ್ಲಿ ಮತ್ತೆ ಬಹುವಚನವಾಗಿಬಿಡುತ್ತದೆಯೇ ಎಂದು ಕಾಯುವವರ ಹಾಗಿತ್ತು. ಅಮ್ಮ ಗೇಟು ತೆಗೆದು ಏನೂ ಹೇಳದೆ ಒಳಗೆ ಹೋದಳು.

ಬೆಳಗ್ಗೆ ನಾನು ಅಂಗಡಿಗೆ ಹೊರಡುವಾಗ ಅಮ್ಮನ ಕೂಗು ಕೇಳಿಸಿತು.

"ಒದ್ದೆ ಟವೆಲ್ ಯಾರೋ ಕುರ್ಚಿ ಮೇಲೆ ಹಾಕಿದ್ದು? ಕತ್ತೆ ವಯಸ್ಸಾಯ್ತು, ಬುದ್ಧಿ ಬರ್ಲಿಲ್ಲ."

"ನಾನಲ್ಲ ಅಮ್ಮ," ಎಂದೆ ನಾನು.

"ನಿನ್ನ ಯಾರು ಕೇಳಿದ್ರು? ಮೇಲಿನವನನ್ನ ಕರಿ."

ಕರೆಯಬೇಕಾಗಲಿಲ್ಲ. ಭಾವ ಎರಡೆರಡು ಮೆಟ್ಟಿಲು ಹಾರಿ ಇಳಿದು ಬರುತ್ತಿದ್ದರು. ಬಾಯಲ್ಲಿ ರೀಡು ಇತ್ತು. ಆ ನಗುವಿನಲ್ಲಿ ಅದು ಹೇಗೆ ನಿಂತಿತ್ತೋ ನನಗೆ ತಿಳಿಯದು.